ನಲವತ್ತೊಂದನೇ ಮನೆಯ ಯಜಮಾನರು

ನನ್ನ ಭಾವ ಒಂಬತ್ತು ವರ್ಷ ಪಿಎಚ್.ಡಿ. ಮಾಡಿದರು. ಮಾಡಿದರು ಎನ್ನುವುದಕ್ಕಿಂತ ಅದನ್ನು ಮನೆಯಲ್ಲಿಟ್ಟುಕೊಂಡು ಸಾಕಿದರು ಎಂದರೆ ಸರಿಯಾದೀತು. ಅದಕ್ಕೆಂದೇ ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಅದಕ್ಕೆ ಸದ್ದು ಸೇರುತ್ತಿರಲಿಲ್ಲ, ಬಿಸಿಲು ಸೇರುತ್ತಿರಲಿಲ್ಲ, ಮಕ್ಕಳು ಗಟ್ಟಿಯಾಗಿ ನಕ್ಕರಂತೂ ಆಗುತ್ತಲೇ ಇರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅದಕ್ಕೆ ಎರಡೂವರೆ ಗಂಟೆ ನಿದ್ದೆ ಬೇಕಿತ್ತು. ಯಾರಾದರೂ "ಎಲ್ಲಿಗೆ ಬಂತು ಮೇಷ್ಟ್ರೇ?" ಎಂದು ಕೇಳಿದರೆ ಭಾವ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ "ಮುಗೀತಾ ಬಂತು" ಎನ್ನುತ್ತಿದ್ದರು. ಅವರ ಬೆನ್ನ ಹಿಂದೆ ನಾನು ಇಟ್ಟ ಹೆಸರೂ ಅದೇ. "ಮುಗೀತಾ ಬಂತು ಎದ್ದರಾ?" ಎಂದು ಫೋನಿನಲ್ಲಿ ಕೇಳಿದರೆ ಅಕ್ಕ ಬೈಯುತ್ತಿದ್ದಳು, ಆದರೆ ಯಾರ ಬಗ್ಗೆ ಕೇಳಿದ್ದು ಎಂದು ಒಂದು ದಿನವೂ ಕೇಳಲಿಲ್ಲ.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ವಿಶ್ವವಿದ್ಯಾಲಯದ ಹಿಂದಿನ ಗೇಟಿನ ಎದುರಿಗೆ ನನ್ನದೊಂದು ಟೈಪಿಂಗ್ ಮತ್ತು ಬೈಂಡಿಂಗ್ ಅಂಗಡಿ ಇದೆ. ಹದಿನೆಂಟು ವರ್ಷದಲ್ಲಿ ಎಷ್ಟು ಮಹಾಪ್ರಬಂಧಗಳು ನನ್ನ ಬೆರಳ ತುದಿಯಿಂದ ಹಾದುಹೋಗಿವೆಯೋ ಲೆಕ್ಕವಿಟ್ಟಿಲ್ಲ. ಸಂಶೋಧಕರನ್ನು ಗೇಟು ದಾಟುವ ನಡಿಗೆಯಲ್ಲೇ ಗುರುತು ಹಿಡಿಯುತ್ತೇನೆ. ಇನ್ನೂ ಶೀರ್ಷಿಕೆ ಸಿಗದವರು ಬೇಗ ಬೇಗ ನಡೆಯುತ್ತಾರೆ. ಬರೆದು ಮುಗಿಸಿದವರು ಕಾಲೆಳೆಯುತ್ತಾರೆ. ಅಧ್ಯಾಯ ಒಂದನ್ನೂ ಬರೆಯದೆ ಕೃತಜ್ಞತೆಯ ಪುಟವನ್ನು ಮಾತ್ರ ಟೈಪು ಮಾಡಿಸಲು ಬರುವವರು ಆರಾಮವಾಗಿ, ಅಂಗಡಿಗಳ ಗಾಜಿನೊಳಗೆ ಇಣುಕುತ್ತ ಬರುತ್ತಾರೆ. ಭಾವ ಈ ಕೊನೆಯ ಜಾತಿ. ಅವರ ಕೃತಜ್ಞತೆಯ ಪುಟವನ್ನು ನಾನು ಏಳು ಸಲ ತಿದ್ದಿದ್ದೇನೆ. ಏಳರಲ್ಲೂ ಅಕ್ಕನಿಗೆ ಒಂದೇ ಸಾಲು, ಅದೂ ಕಟ್ಟಕಡೆಯಲ್ಲಿ: "ಮನೆಯ ನೆಮ್ಮದಿಯನ್ನು ಕಾಪಾಡಿದ ಪತ್ನಿಗೆ."

ನೆಮ್ಮದಿ ಎಂದರೆ ಏನು ಎಂದು ತಿಳಿಯಬೇಕಾದರೆ ಆ ಕೋಣೆಯನ್ನು ನೋಡಬೇಕು. ಮೊದಲು ಅದು ಮಗಳ ಕೋಣೆಯಾಗಿತ್ತು. ನಾಲ್ಕು ವರ್ಷದ ಕೂಸು, ಅದಕ್ಕೇನು ಗೊತ್ತಾಗುತ್ತದೆ ಎಂದು ಅದರ ಮಂಚವನ್ನು ಹಜಾರಕ್ಕೆ ತಳ್ಳಿದರು. ಕೋಣೆಗೆ ಒಂದು ಅಗಲ ಮೇಜು ಬಂತು, ಬೆನ್ನಿಗೆ ಆತುಕೊಳ್ಳುವ ಕುರ್ಚಿ ಬಂತು, ಕುರ್ಚಿಯ ಬೆನ್ನಿಗೆ ಒಂದು ದಿಂಬು, ಕಾಲಿಗೆ ಒಂದು ಮಣೆ. ಕೂತು ಕೂತು ಬೆನ್ನು ಹಿಡಿಯುತ್ತದೆ ಎಂದು ಗೋಡೆಯ ಪಕ್ಕ ದಿವಾನು ಹಾಕಿಸಿದರು. ಆಮೇಲೆ ಕುರ್ಚಿಗೆ ಕೆಲಸ ಕಡಿಮೆಯಾಯಿತು. ಪರದೆ ತಿಳಿನೀಲಿ ಇದ್ದದ್ದು ಕಣ್ಣಿಗೆ ಚುಚ್ಚುತ್ತದೆ ಎಂದು ಬೂದು ಬಣ್ಣದ್ದಾಯಿತು, ಬೂದು ಬಣ್ಣ ಮನಸ್ಸಿಗೆ ಮಂಕು ಕವಿಸುತ್ತದೆ ಎಂದು ಮತ್ತೆ ನೀಲಿಯಾಯಿತು. ಎರಡು ಪರದೆಗಳನ್ನೂ ಹೊಲಿದವಳು ಅಕ್ಕ. "ಸಂಶೋಧನೆಗೆ ಮನಸ್ಸು ಹಗುರ ಇರ್ಬೇಕಮ್ಮ" ಎಂದು ಭಾವ ನನಗೆ ಹೇಳುತ್ತಿದ್ದರು. ಅವರ ಮನಸ್ಸು ಎಷ್ಟು ಹಗುರವಾಗಿತ್ತೆಂದರೆ ಒಂದು ಪುಸ್ತಕದ ಭಾರವನ್ನೂ ಅದು ತಡೆದುಕೊಳ್ಳುತ್ತಿರಲಿಲ್ಲ.

ಕೆಟ್ಟವರು ಎಂದು ಹೇಳುತ್ತಿಲ್ಲ. ಕೈ ಎತ್ತಿದವರಲ್ಲ, ಕುಡಿದವರಲ್ಲ, ದನಿ ಏರಿಸಿ ಮಾತಾಡಿದವರೂ ಅಲ್ಲ. ಅಕ್ಕನನ್ನು ಯಾರಾದರೂ ಕನಿಕರಿಸಲು ಹೊರಟರೆ ಮೊದಲು ಅಡ್ಡ ಬರುತ್ತಿದ್ದದ್ದು ಇದೇ. ಬೆಳಗಿನ ಹೊತ್ತು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿ ಒಂದು ಗಂಟೆಗೆಲ್ಲ ಮನೆ ಸೇರುವರು. ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಮೂರೂವರೆಗೆ ವಾಪಸು. ಅಷ್ಟರೊಳಗೆ ಅಡುಗೆ ಮಾಡಿಟ್ಟು, ಮಗಳ ಡಬ್ಬಿ ಕಟ್ಟಿ, ಭಾವನ ಊಟವನ್ನು ಮೇಜಿನ ಮೇಲೆ ಮುಚ್ಚಿಟ್ಟು ಹೋಗುತ್ತಿದ್ದಳು. ಮುಚ್ಚಿದ್ದನ್ನು ತೆರೆಯುವ ಕೆಲಸ ಮಾತ್ರ ಭಾವನದು. ಅದನ್ನು ಅವರು ಒಂದು ದಿನವೂ ತಪ್ಪಿಸಲಿಲ್ಲ.

ಇನ್ನು ಸಂಶೋಧನೆಯ ವಿಷಯ. ನಗಬಾರದು. "ಇಬ್ಬರೂ ದುಡಿಯುವ ಮನೆಗಳಲ್ಲಿ ವೇಳೆಯ ಹಂಚಿಕೆ." ಅರವತ್ತು ಮನೆಗಳನ್ನು ಆರಿಸಿಕೊಂಡು, ಒಂದೊಂದು ಮನೆಗೂ ಒಂದು ವಾರಕ್ಕೆ ಏಳು ಹಾಳೆ ಕೊಡುವುದು. ಹಾಳೆಯ ತುಂಬ ಅರ್ಧ ಗಂಟೆಗೊಂದರಂತೆ ಚೌಕಗಳು. ಆ ಅರ್ಧ ಗಂಟೆಯಲ್ಲಿ ಮನೆಯಲ್ಲಿ ಯಾರು ಏನು ಮಾಡಿದರು ಎಂದು ಮನೆಯವರೇ ಬರೆದುಕೊಡಬೇಕು. ಮನೆಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಭಾವ ಇದನ್ನು ನನಗೆ ವಿವರಿಸಿದ್ದು ದಿವಾನಿನ ಮೇಲೆ ಒರಗಿಕೊಂಡು. ಅಕ್ಕ ಪಕ್ಕದಲ್ಲಿ ನಿಂತು ಕಿಟಕಿಯ ಸರಳು ಒರೆಸುತ್ತಿದ್ದಳು. ಮಧ್ಯೆ ಮಾತು ನಿಲ್ಲಿಸಿ "ಸ್ವಲ್ಪ ಈ ಕಡೆ ಸರಿ ಕಣೇ, ಗಾಳಿ ಬರ್ತಿಲ್ಲ" ಎಂದರು.

ಅಕ್ಕನಿಗೂ ಒಂದು ಆಸೆ ಇತ್ತು. ಅದು ಚಿಕ್ಕದಲ್ಲ. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಒಂದು ವರ್ಷದ ಮೇಲ್ಮಟ್ಟದ ತರಬೇತಿ, ಅದು ಮುಗಿಸಿ ಬಂದರೆ ಲ್ಯಾಬಿಗೆ ಅವಳೇ ಮುಖ್ಯಸ್ಥೆ. ಅವಳ ಕೈ ಅಷ್ಟು ಚೊಕ್ಕ. ಸೂಜಿ ಚುಚ್ಚಿದ್ದು ಗೊತ್ತಾಗುವುದಿಲ್ಲ ಎಂದು ಜನ ಅವಳ ಪಾಳಿಗೇ ಕಾದು ನಿಲ್ಲುತ್ತಿದ್ದರು. ಆಯ್ಕೆಯಾಗಿ ಮೊದಲ ಕಾಗದ ಬಂದಾಗ ಭಾವನ ಸಂಶೋಧನೆಯ ರೂಪುರೇಷೆ ಸಿದ್ಧವಾಗಬೇಕಿತ್ತು. "ಇದೊಂದು ಆಗ್ಲಿ ಕಣೇ, ಆಮೇಲೆ ನಿಂದೇ" ಎಂದರು. ಎರಡನೇ ಕಾಗದ ಬಂದಾಗ ಮನೆಗಳಿಂದ ಹಾಳೆ ಒಟ್ಟುಮಾಡುವ ಕಾಲ. "ಈಗ ಹೋದ್ರೆ ನಾನು ಮುಳುಗಿಹೋಗ್ತೀನಿ" ಎಂದರು. ನಾನೂ ಅಕ್ಕನಿಗೆ ಹೇಳಿದೆ, "ಇಷ್ಟು ದಿನ ಕಾದಿದ್ದೀಯ, ಇನ್ನೊಂಚೂರು ತಾಳು. ಮುಗೀತಾ ಬಂತಲ್ಲ." ಹಾಗೆ ಹೇಳಿದ್ದು ನಾನೇ. ಆ ಹೆಸರಿಟ್ಟು ನಗುತ್ತಿದ್ದ ಬಾಯಿಂದಲೇ ಹೇಳಿದೆ.

ಆ ಹೊತ್ತಿನಲ್ಲಿ ಒಂದು ಎಡವಟ್ಟಾಯಿತು. ನಲವತ್ತೊಂದನೇ ಮನೆಯವರು ಹಾಳೆಗಳನ್ನು ಹಿಂತಿರುಗಿಸದೆ ಊರು ಬಿಟ್ಟು ಹೋಗಿಬಿಟ್ಟರು. ಅರವತ್ತು ಎಂದು ಬರೆದುಕೊಟ್ಟಾಗಿದೆ, ಐವತ್ತೊಂಬತ್ತಾದರೆ ಗೈಡ್ ಕೇಳುತ್ತಾರೆ. ಹೊಸ ಮನೆ ಹುಡುಕುವುದೆಂದರೆ ಚಪ್ಪಲಿ ಮೆಟ್ಟಿಕೊಳ್ಳಬೇಕು. ಭಾವ ಒಂದು ಮಧ್ಯಾಹ್ನ ಯೋಚಿಸಿ, ಒಂದು ನಿದ್ದೆ ಮುಗಿಸಿ, ಖಾಲಿ ಹಾಳೆಗಳನ್ನು ಅಕ್ಕನ ಕೈಗೆ ಕೊಟ್ಟರು.

"ಇವನ್ನ ನೀನೇ ಹೇಗೋ ತುಂಬಿಸಿಬಿಡು. ಒಂದು ಮನೆ ಅಂತ ಊಹೆ ಮಾಡ್ಕೋ. ಗಂಡ, ಹೆಂಡತಿ, ಒಂದು ಮಗು. ಏನಾದ್ರೂ ಬರಿ."

"ಸುಳ್ಳು ಬರೀಬೇಕಾ?" ಎಂದಳು ಅಕ್ಕ.

"ಸುಳ್ಳಲ್ಲ ಕಣೇ, ಊಹೆ. ಎಲ್ಲಾ ಮನೆ ಕತೆನೂ ಅಷ್ಟೇ ತಾನೇ."

ಲ್ಯಾಬಿನವರ ಕೈಗೆ ಇಂಥ ಕೆಲಸ ಕೊಡಬಾರದು. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದರೆ ಇದ್ದಷ್ಟನ್ನು ಬರೆದು ಅಭ್ಯಾಸ, ಇರಬಹುದಾದಷ್ಟನ್ನಲ್ಲ. ಏಳು ದಿನ ಅಕ್ಕ ಆ ಹಾಳೆಗಳನ್ನು ಅಡುಗೆಮನೆಯ ಗೋಡೆಗೆ ಪಿನ್ನು ಚುಚ್ಚಿ ನೇತುಹಾಕಿಕೊಂಡಳು. ಕೆಲಸಕ್ಕೆ ಹೋದಾಗ ಮಡಿಸಿ ಚೀಲದಲ್ಲಿ ಇಟ್ಟುಕೊಂಡು ಹೋದಳು. ಅರ್ಧ ಗಂಟೆಗೊಮ್ಮೆ ನಡೆದದ್ದನ್ನು ನಡೆದ ಹಾಗೆ ಬರೆದಳು. ಎಂಟನೇ ದಿನ ಎಲ್ಲವನ್ನೂ ಜೋಡಿಸಿ ಭಾವನ ಮೇಜಿನ ಮೇಲಿಟ್ಟಳು. ಭಾವ ಅವನ್ನು ತೆರೆದೂ ನೋಡದೆ ಉಳಿದ ಐವತ್ತೊಂಬತ್ತರ ಜೊತೆ ಕಟ್ಟಿ ನನ್ನ ಅಂಗಡಿಗೆ ತಂದು ಹಾಕಿದರು, ಟೈಪು ಮಾಡಿ ಮನೆಮನೆಯ ಮೊತ್ತ ತೆಗೆದುಕೊಡು ಎಂದು.

ನಾನು ನಲವತ್ತೊಂದನ್ನು ತೆಗೆದುಕೊಂಡ ಕೂಡಲೇ ಅಕ್ಕನ ಅಕ್ಷರ ಗುರುತು ಸಿಕ್ಕಿತು. ಎರಡನೇ ಹಾಳೆಗೆ ಬರುವಷ್ಟರಲ್ಲಿ ಯಜಮಾನರೂ ಗುರುತು ಸಿಕ್ಕಿದರು. ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕೆ. ಯಾರಿಗೂ ಹೇಳಲಿಲ್ಲ. ಮೊತ್ತ ತೆಗೆದುಕೊಟ್ಟೆ. ಗಂಡ ಮಾಡಿದ ಮನೆಗೆಲಸ: ವಾರಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆ ಏನೆಂದರೆ, ಹಜಾರದ ಬಲ್ಬು ಬದಲಾಯಿಸಿದ್ದರು, ಅಕ್ಕ ಸ್ಟೂಲು ಹಿಡಿದುಕೊಂಡಿದ್ದಳು.

ಭಾವ ಆ ಅಂಕಿ ನೋಡಿ ಅಕ್ಕನ ಮುಂದೆ ಮೂಗು ಮುರಿದರಂತೆ. "ನಿಂದು ಸ್ವಲ್ಪ ಅತಿಯಾಯ್ತು ಕಣೇ. ವಾರಕ್ಕೆ ಅರ್ಧ ಗಂಟೆ ಅಂದ್ರೆ ಯಾರು ನಂಬ್ತಾರೆ? ಹೋಗ್ಲಿ ಬಿಡು, ಎಲ್ಲೋ ಒಬ್ಬ ಅಂಥವನೂ ಇರ್ತಾನೆ." ಅಷ್ಟಕ್ಕೆ ಬಿಟ್ಟರೆ ಭಾವ ಹೇಗಾದಾರು? ಐದನೇ ಅಧ್ಯಾಯದಲ್ಲಿ ಆ ಮನೆಯ ಬಗ್ಗೆಯೇ ಎರಡು ಪುಟ ಬರೆದರು. "ಅತಿರೇಕದ ಉದಾಹರಣೆ" ಎಂದು ತಲೆಬರಹ. ಆ ಯಜಮಾನನನ್ನು ಅಡಿಟಿಪ್ಪಣಿಗಳ ಸಮೇತ ಹಿಗ್ಗಾಮುಗ್ಗಾ ಬೈದಿದ್ದರು. ಒಂಬತ್ತು ವರ್ಷದಲ್ಲಿ ಅವರು ಮನಸಾರೆ ಬರೆದದ್ದು ಆ ಎರಡು ಪುಟಗಳನ್ನೇ ಎಂದು ಟೈಪು ಮಾಡಿದ ನಾನು ಹೇಳಬಲ್ಲೆ.

ಕಡೆಗೂ ಪ್ರಬಂಧ ಕಟ್ಟುವ ದಿನ ಬಂತು. ಮಾದರಿಗೆಂದು ಒಂದು ಮನೆಯ ಏಳೂ ಹಾಳೆಗಳನ್ನು ಕೊನೆಯಲ್ಲಿ ಅನುಬಂಧವಾಗಿ ಸೇರಿಸಿ ಎಂದು ಗೈಡ್ ಹೇಳಿದ್ದರು. "ಯಾವ ಮನೆ ಹಾಕ್ಲಿ ಭಾವ?" ಎಂದು ಫೋನು ಮಾಡಿದೆ. "ಯಾವುದೋ ಒಂದು ಹಾಕಮ್ಮ, ಯಾರು ಓದ್ತಾರೆ" ಎಂದರು. ಆಗ ಸಂಜೆ ಐದು ಗಂಟೆ, ದನಿಯಲ್ಲಿ ಇನ್ನೂ ನಿದ್ದೆ ಇತ್ತು. ಅರವತ್ತು ಕಟ್ಟುಗಳು ನನ್ನ ಮುಂದಿವೆ, ಯಾವುದೋ ಒಂದು ಹಾಕು ಎನ್ನುತ್ತಿದ್ದಾರೆ. ನಾನು ಯಾವುದನ್ನು ಹಾಕಿರಬಹುದು? ದೇವರಾಣೆಗೂ ಹಾಳು ಮಾಡುವ ಉದ್ದೇಶ ಇರಲಿಲ್ಲ. ಅಕ್ಕ ಬರೆದದ್ದು ಒಂದು ಸಲ ಅಚ್ಚಾಗಲಿ, ದಪ್ಪ ರಟ್ಟಿನೊಳಗೆ ಲೈಬ್ರರಿಯಲ್ಲಿ ಕೂರಲಿ ಅನ್ನಿಸಿತು, ಅಷ್ಟೆ. ಸ್ವಲ್ಪ ಕುಚೇಷ್ಟೆಯೂ ಇತ್ತೆನ್ನಿ.

ವೈವಾಕ್ಕೆ ದಿನ ಗೊತ್ತಾದ ವಾರವೇ ಅಕ್ಕನಿಗೆ ಮೂರನೇ ಕಾಗದ ಬಂತು. ಇದೇ ಕಡೆಯ ಸಲ, ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸದಿದ್ದರೆ ಇನ್ನು ಹೆಸರು ಪರಿಗಣಿಸುವುದಿಲ್ಲ ಎಂದು ಬರೆದಿದ್ದರು. ನಾನು ಅದನ್ನು ಓದಿ "ಈಗೇನು ಮಾಡ್ತೀಯ?" ಎಂದೆ. ಅಕ್ಕ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡಳು. "ನೋಡೋಣ" ಎಂದಳು. ಭಾವನಿಗೆ ತೋರಿಸಿದಾಗ ಅವರು, "ವೈವಾ ತಲೆ ಮೇಲಿರುವಾಗ ಇದನ್ನ ತಂದೆಯಾ? ಮುಗೀಲಿ, ಕೂತು ಮಾತಾಡೋಣ" ಎಂದರಂತೆ. ವೈವಾ ಮುಗಿದ ಮೇಲೆ ತಿದ್ದುಪಡಿ ಇರುತ್ತದೆ, ಅದಾದ ಮೇಲೆ ಪುಸ್ತಕ ಮಾಡುವುದಿರುತ್ತದೆ, ಆಮೇಲೆ ಬಡ್ತಿಯ ಅರ್ಜಿ. ಭಾವನ ನೆಮ್ಮದಿಗೆ ಯಾವಾಗಲೂ ಒಂದು ಕಾರಣ ಕಾದಿರುತ್ತಿತ್ತು. ಅಕ್ಕ ಈ ಸಲವೂ ಬಿಟ್ಟುಬಿಡುತ್ತಾಳೆ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು.

ವೈವಾ ಎಂದರೆ ಬಾಗಿಲು ತೆರೆದಿಟ್ಟು ನಡೆಸುವ ಪರೀಕ್ಷೆ. ಯಾರು ಬೇಕಾದರೂ ಬಂದು ಕೂರಬಹುದು, ಆಮೇಲೆ ಟೀ ಬಿಸ್ಕತ್ತು ಇರುವುದರಿಂದ ಬಂದು ಕೂರುತ್ತಾರೆ ಕೂಡ. ವಿಭಾಗದ ಉದ್ದನೆಯ ಹಾಲಿನಲ್ಲಿ ನಲವತ್ತು ಜನ. ಗೋಡೆಗೆ ಒತ್ತಿ ಅಕ್ಕ, ಅವಳ ಪಕ್ಕ ಹದಿಮೂರರ ಮಗಳು, ಈಚೆಗೆ ನಾನು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ಇಸ್ತ್ರಿ ಯಾರು ಮಾಡಿದ್ದು ಎಂದು ಕೇಳಬೇಡಿ. ಹೊರಗಿನಿಂದ ಬಂದ ಪರೀಕ್ಷಕಿ ಅರವತ್ತು ದಾಟಿದ ಕುಳ್ಳ ಹೆಂಗಸು, ಮೆತ್ತಗಿನ ದನಿ. ಮೊದಲ ಅರ್ಧ ಗಂಟೆ ಅವರು ಕೇಳಿದ್ದಕ್ಕೆಲ್ಲ ಭಾವ ನೀರು ಕುಡಿದ ಹಾಗೆ ಉತ್ತರ ಹೇಳಿದರು. ಮಾತಿನಲ್ಲಿ ಅವರನ್ನು ಮೀರಿಸುವವರಿಲ್ಲ. ಕೂತರೆ ಮಲಗುವ ಮನುಷ್ಯ, ನಿಲ್ಲಿಸಿದರೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾರೆ.

ಆಮೇಲೆ ಆಕೆ ಪ್ರಬಂಧದ ಕೊನೆಯ ಪುಟಗಳನ್ನು ತೆರೆದರು.

"ಐವತ್ತೊಂಬತ್ತು ಮನೆಯವರೂ ನಿಮಗೆ ಚೆನ್ನಾಗಿ ಕಾಣ್ಬೇಕು ಅಂತ ಬರ್ಕೊಟ್ಟಿದ್ದಾರೆ ಅನ್ಸುತ್ತೆ" ಎಂದರು. "ಗಂಡಂದಿರೆಲ್ಲ ದಿನಕ್ಕೆ ಎರಡು ಗಂಟೆ ಮನೆಗೆಲಸ ಮಾಡ್ತಾರಂತೆ. ಮಾಡ್ಲಿ, ಸಂತೋಷ. ಆದ್ರೆ ಈ ನಲವತ್ತೊಂದನೇ ಮನೆ ಇದ್ಯಲ್ಲ, ಇದು ನಿಜ. ಇಷ್ಟು ನಿಜವಾದ ಹಾಳೆ ನಾನು ಮೂವತ್ತು ವರ್ಷದಲ್ಲಿ ನೋಡಿಲ್ಲ. ಮಂಗಳವಾರದ್ದು ಸ್ವಲ್ಪ ಗಟ್ಟಿಯಾಗಿ ಓದ್ತೀರಾ? ಎಲ್ರೂ ಕೇಳ್ಲಿ."

ಭಾವ ಹೆಮ್ಮೆಯಿಂದ ಕನ್ನಡಕ ಏರಿಸಿಕೊಂಡು ಓದತೊಡಗಿದರು. ತಮ್ಮದೇ ಪ್ರಬಂಧದ ಆ ಹಾಳೆಗಳನ್ನು ಅವರು ಕಣ್ಣಲ್ಲಿ ನೋಡುತ್ತಿದ್ದದ್ದು ಅದೇ ಮೊದಲು.

"ಐದು ಗಂಟೆ. ಹೆಂಡತಿ ಎದ್ದಳು, ಅಡುಗೆ. ಆರು ಗಂಟೆ. ಯಜಮಾನರಿಗೆ ಹಾಸಿಗೆಗೆ ಟೀ. ಆರೂವರೆ. ಹೆಂಡತಿ ಕೆಲಸಕ್ಕೆ ಹೊರಟಳು. ಯಜಮಾನರು ಟೀ ಆರಿದೆ ಎಂದರು. ಚಪ್ಪಲಿ ಬಿಟ್ಟು ಒಳಗೆ ಬಂದು ಬಿಸಿ ಮಾಡಿಕೊಟ್ಟಳು." ಹಾಲಿನಲ್ಲಿ ನಗು ಎದ್ದಿತು. ಭಾವನೂ ನಕ್ಕರು. "ಮೂರೂವರೆ. ಹೆಂಡತಿ ಮನೆಗೆ. ಯಜಮಾನರು ನಿದ್ದೆ. ನಾಲ್ಕು. ಮಗಳು ಬಂದಳು. ಸದ್ದಾಗದಂತೆ ಮೆಟ್ಟಿಲ ಮೇಲೆ ಕೂರಿಸಿ ತಿಂಡಿ. ಐದು. ಯಜಮಾನರು ಎದ್ದರು. 'ಒಂದು ನಿಮಿಷ ಕಣ್ಣು ಮುಚ್ಚಿದ್ದೆ ಅಷ್ಟೆ' ಎಂದರು."

ಅಲ್ಲಿಗೆ ಓದು ನಿಂತಿತು. ದಿನಾ ಸಂಜೆ ತಾವೇ ಹೇಳುವ ಮಾತನ್ನು ತಮ್ಮದೇ ದನಿಯಲ್ಲಿ, ನಲವತ್ತು ಜನರ ಮುಂದೆ ಹೇಳಿಬಿಟ್ಟಿದ್ದರು. ಮುಂದಿನ ಸಾಲು ಅವರು ಮನಸ್ಸಿನಲ್ಲೇ ಓದಿಕೊಂಡಿರಬೇಕು, ಮುಖದ ರಕ್ತ ಇಳಿಯಿತು. ಮುಂದಿನ ಸಾಲು ನನಗೆ ಬಾಯಿಪಾಠ: "ಐದೂವರೆ. ಯಜಮಾನರು ಬರೆಯಲು ಕುಳಿತರು. ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಟ್ಟಳು. ಆರು. ಕುರ್ಚಿಯನ್ನು ಮತ್ತೆ ಗೋಡೆಯ ಕಡೆಗೆ ತಿರುಗಿಸಿಕೊಟ್ಟಳು." ಭಾವ ತಲೆ ಎತ್ತಿ ಅಕ್ಕನನ್ನು ನೋಡಿದರು. ಅಕ್ಕ ರೋಗಿಯ ತೋಳು ಹಿಡಿದುಕೊಂಡವಳ ಹಾಗೆ ಶಾಂತವಾಗಿ ಅವರನ್ನೇ ನೋಡುತ್ತಿದ್ದಳು. ಮಗಳು ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಅವಳಿಗೂ ಗೊತ್ತಾಗಿತ್ತು. ಮೆಟ್ಟಿಲ ಮೇಲೆ ಕೂತವಳು ಅವಳೇ ಅಲ್ಲವೇ.

"ಏನಾಯ್ತು?" ಎಂದರು ಪರೀಕ್ಷಕಿ. "ಈ ಮನುಷ್ಯನ ಬಗ್ಗೆ ನೀವೇ ಎರಡು ಪುಟ ಬರ್ದಿದ್ದೀರಿ. ಅದನ್ನ ಸ್ವಲ್ಪ ಬಿಡಿಸಿ ಹೇಳಿ."

ಈಗ ಭಾವನ ಪಾಡು ನೋಡಿ. ಇದು ನಮ್ಮ ಮನೆ ಎಂದರೆ ಕಟ್ಟಿಕೊಟ್ಟ ಸುಳ್ಳು ಬಯಲಾಗಿ ಒಂಬತ್ತು ವರ್ಷ ನೀರುಪಾಲು. ಆ ಮನುಷ್ಯನ ಪರವಾಗಿ ಒಂದು ಮಾತಾಡಿದರೆ ತಾವೇ ಬರೆದ ಅಧ್ಯಾಯ ಬಿದ್ದುಹೋಗುತ್ತದೆ. ಉಳಿದದ್ದು ಒಂದೇ ದಾರಿ, ಬೈಯುವುದು. ಉಗುಳು ನುಂಗಿಕೊಂಡು ಶುರುಮಾಡಿದರು. ಶುರುವಿನಲ್ಲಿ ತೊದಲಿದರು. ಆಮೇಲೆ ಏನು ಕಳೆ ಬಂತೋ, ಇಪ್ಪತ್ತು ನಿಮಿಷ ಬಿಡದೆ ಮಾತಾಡಿದರು. ಈ ಮನುಷ್ಯ ಕ್ರೂರಿ ಅಲ್ಲ, ಅದಕ್ಕೇ ಹೆಚ್ಚು ಅಪಾಯ ಎಂದರು. ಬಡಿಯುವ ಗಂಡನನ್ನು ಊರು ಬೈಯುತ್ತದೆ, ಇವನನ್ನು ಊರು ಸಂಭಾವಿತ ಎನ್ನುತ್ತದೆ ಎಂದರು. ಇವನ ಒಂದೊಂದು ಸಣ್ಣ ಸುಖಕ್ಕೂ ಅವಳ ಒಂದೊಂದು ಅರ್ಧ ಗಂಟೆ ಹೋಗಿದೆ, ಇವನು ಅದನ್ನು ತೆಗೆದುಕೊಂಡದ್ದೇ ಇವನಿಗೆ ಗೊತ್ತಿಲ್ಲ ಎಂದರು. ದನಿ ಒಂದೆರಡು ಕಡೆ ನಡುಗಿತು. ಜನ ಅದನ್ನು ವಿಷಯದ ಮೇಲಿನ ಕಾಳಜಿ ಎಂದುಕೊಂಡರು. ಅಕ್ಕನಿಗೆ ಯಾರಾದರೂ ಹೇಳಬೇಕಿದ್ದ ಮಾತುಗಳೆಲ್ಲ ಆ ಬಾಯಿಂದ ಬಂದವು, ಹೇಳಬೇಕಾದವರ ಬಾಯಿಂದಲೇ ಬಂದವು, ಪದವಿ ಉಳಿಸಿಕೊಳ್ಳುವುದಕ್ಕಾಗಿ ಬಂದವು. ನನಗೆ ನಗು ಬರುತ್ತದೆಂದು ಕಾದೆ. ಬರಲಿಲ್ಲ.

ಅಷ್ಟರಲ್ಲಿ ಪರೀಕ್ಷಕಿ ಪುಟ ಮಗುಚಿದರು.

"ಇನ್ನೊಬ್ರು ಇದ್ದಾರೆ ಇಲ್ಲಿ. ಭಾನುವಾರದ ಹಾಳೆ. 'ಹನ್ನೆರಡೂವರೆ, ತಂಗಿ ಬಂದಳು. ಒಂದು ಗಂಟೆ, ಬಡಿಸುವುದು. ಎರಡು, ತಂಗಿ ಮಲಗಿದಳು. ಎರಡೂವರೆಯಿಂದ ನಾಲ್ಕೂವರೆ, ಪಾತ್ರೆ, ಬಟ್ಟೆ. ಐದು, ತಂಗಿಗೆ ಟೀ, ಮೂರು ದಿನಕ್ಕಾಗುವ ಅಡುಗೆ ಡಬ್ಬಿಗೆ ಹಾಕಿಕೊಡುವುದು.' ಈ ತಂಗಿ ಯಾರೋ, ಅವರಿಗೂ ಎರಡು ಕೈ ಇರ್ಬೇಕಲ್ಲ?"

ಹಾಲೆಲ್ಲ ಗೊಳ್ಳೆಂದು ನಕ್ಕಿತು. ನಾನು ಆ ಸಾಲುಗಳನ್ನು ನನ್ನ ಕೈಯಾರೆ ಟೈಪು ಮಾಡಿದ್ದೆ. ಯಜಮಾನರ ಸಾಲು ಬಂದಾಗಲೆಲ್ಲ ನಕ್ಕಿದ್ದೆ. ಇವು ಬಂದಾಗ ಬೆರಳು ತಮ್ಮ ಪಾಡಿಗೆ ಓಡಿದ್ದವು. ಇಡೀ ಪ್ರಬಂಧದಲ್ಲಿ ಈ ಏಳು ಹಾಳೆಗಳನ್ನು ಆರಿಸಿ ಮೆರೆಸಿದವಳೂ ನಾನೇ. ಭಾವ ನನ್ನ ಕಡೆ ನೋಡಿದರು. ಮುಳುಗುವವರಿಗೆ ಜೊತೆ ಸಿಕ್ಕ ಹಾಗೆ ಮುಖದಲ್ಲಿ ಗೆಲುವು ಬಂತು.

"ನಿಜ ಮೇಡಂ" ಎಂದರು ದನಿ ಎತ್ತರಿಸಿ. "ಇಂಥ ಬಂಧುಗಳು ಗಂಡನನ್ನ ಆಡಿಕೊಂಡು ನಗ್ತಾರೆ, ಆದ್ರೆ ಅದೇ ಎಲೆ ಮುಂದೆ ತಾವೂ ಕೂತಿರ್ತಾರೆ. ಇವರ ಬಗ್ಗೆ ಒಂದು ಅಧ್ಯಾಯಾನೇ ಬರೀಬಹುದು."

ನಾನು ಕಿಟಕಿಯ ಆಚೆ ನೋಡಿದೆ. ನೋಡುವಂಥದ್ದೇನೂ ಅಲ್ಲಿ ಇರಲಿಲ್ಲ, ಸೈಕಲ್ಲು ನಿಲ್ಲಿಸುವ ಜಾಗ.

"ಕಡೇ ಪ್ರಶ್ನೆ" ಎಂದರು ಪರೀಕ್ಷಕಿ. "ಶುಕ್ರವಾರ ಸಂಜೆ ಏಳು ಗಂಟೆಗೆ ಈ ಹೆಣ್ಣುಮಗಳು ಒಂದು ಸಾಲು ಬರ್ದಿದ್ದಾಳೆ. 'ತರಬೇತಿಗೆ ಬರಲಾಗುವುದಿಲ್ಲ ಎಂದು ಕಾಗದ ಬರೆದಳು.' ಅಷ್ಟೇ. ಏಳೂವರೆಗೆ ಮತ್ತೆ ಅಡುಗೆ. ಅವಳಿಗೆ ಇನ್ನೊಂದು ಸಲ ಅಂಥ ಅವಕಾಶ ಬಂದ್ರೆ, ನಿಮ್ಮ ಅಧ್ಯಯನ ಏನು ಹೇಳುತ್ತೆ?"

ಭಾವ ಅಕ್ಕನ ಕಡೆ ನೋಡಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು, "ಹೋಗ್ಬೇಕು ಮೇಡಂ. ಯಾರನ್ನೂ ಕೇಳ್ದೆ ಹೋಗ್ಬೇಕು" ಎಂದರು. ಚಪ್ಪಾಳೆ ಬಿತ್ತು. ಗೈಡ್ ಎದ್ದು ನಿಂತು ಕೈಕುಲುಕಿದರು. ಒಂಬತ್ತು ವರ್ಷದ ಮೇಲೆ ನಮ್ಮ ಮುಗೀತಾ ಬಂತು ಮುಗಿಸಿದರು, ಡಾಕ್ಟರ್ ಆದರು.

ಹಾಲಿನ ಹೊರಗಿನ ಪಡಸಾಲೆಯಲ್ಲಿ ಟೀ ಇಟ್ಟಿದ್ದರು. ಹೂಗುಚ್ಛ, ಅಭಿನಂದನೆ, ಫೋಟೋ ಎಲ್ಲ ಮುಗಿದು ಜನ ಬಿಸ್ಕತ್ತಿನ ಕಡೆ ಸರಿದ ಮೇಲೆ ಭಾವ ನಾವಿದ್ದ ಮೂಲೆಗೆ ಬಂದರು. ನನ್ನನ್ನು ನೋಡದ ಹಾಗೆ ನಿಂತುಕೊಂಡರು. ನಾನೂ ಅವರನ್ನು ನೋಡದ ಹಾಗೆ ನಿಂತಿದ್ದೆ.

"ಅದು ನಮ್ಮನೇದು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದು ಅಕ್ಕನನ್ನು ಮೆಲ್ಲಗೆ ಕೇಳಿದರು.

"ಬರ್ದು ನಿಮ್ಮ ಮೇಜಿನ ಮೇಲೆ ಇಟ್ಟಿದ್ದೆನಲ್ಲ ರೀ. ನಾಲ್ಕು ವರ್ಷ ಆಯ್ತು" ಎಂದಳು ಅಕ್ಕ. ದನಿಯಲ್ಲಿ ಕೋಪ ಇರಲಿಲ್ಲ. ಲ್ಯಾಬಿನ ಕಿಟಕಿಯಿಂದ ರಿಪೋರ್ಟು ಕೊಡುವಾಗ ಮಾತಾಡುವ ಹಾಗೆ ಮಾತಾಡಿದಳು.

ಭಾವ ಹೂಗುಚ್ಛವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಆ ಮನುಷ್ಯನಿಗೆ ನಿಜವಾಗಿಯೂ ಏನೋ ಆಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಕಣ್ಣು ಕೆಂಪಾಗಿತ್ತು. ಒಳಗೆ ಹೇಳಿದ ಒಂದೊಂದು ಮಾತೂ ಈಗ ತಿರುಗಿ ಅವರ ಮೇಲೇ ಬಿದ್ದಿರಬೇಕು. ದೊಡ್ಡ ಮನಸ್ಸು ಮಾಡಿದವರ ಹಾಗೆ ಉಸಿರೆಳೆದುಕೊಂಡರು.

"ಆಯ್ತು ಕಣೇ. ಎಲ್ಲರ ಮುಂದೆ ಹೇಳಿದ್ದೀನಿ, ಈಗ ಇಲ್ಲ ಅನ್ನಲ್ಲ. ಆ ತರಬೇತಿಗೆ ನೀನು ಹೋಗು. ಒಪ್ಪಿಗೆ ಕಾಗದ ಇವತ್ತೇ ಬರೆದುಬಿಡು."

ನನಗೆ ಮೈ ಜುಮ್ಮೆಂದಿತು. ಅಷ್ಟೆಲ್ಲ ಮಾನ ಹೋದದ್ದಕ್ಕೂ ಸಾರ್ಥಕವಾಯಿತು, ಆ ಹಾಳೆಗಳನ್ನು ಅನುಬಂಧಕ್ಕೆ ಹಾಕಿದವಳು ನಾನಲ್ಲವೇ, ಅಕ್ಕನಿಗೆ ದಾರಿ ಮಾಡಿಕೊಟ್ಟವಳು ನಾನೇ ಅಂದುಕೊಂಡು ಬೀಗಿದೆ.

"ಹೋದ ಸೋಮವಾರವೇ ಕಳಿಸಿ ಆಯ್ತು ರೀ" ಎಂದಳು ಅಕ್ಕ. "ನಿಮ್ಮ ವೈವಾ ಹೇಗಾದ್ರೂ ಆಗ್ಲಿ ಅಂತ. ಒಂದನೇ ತಾರೀಕು ಹೊರಡ್ಬೇಕು. ಇವಳಿಗೂ ಅಲ್ಲೇ ಶಾಲೆ ಸಿಕ್ಕಿದೆ." ಮಗಳು ಮೊದಲ ಸಲ ತಲೆ ಎತ್ತಿ ನಕ್ಕಳು. ಅವಳಿಗೂ ಮೊದಲೇ ಗೊತ್ತಿತ್ತು. ನಮ್ಮಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಅಕ್ಕ ಮೇಜಿನ ಮೇಲಿಂದ ಒಂದು ಟೀ ಎತ್ತಿಕೊಂಡಳು. ಯಾರೋ ಮಾಡಿದ ಟೀ, ಇನ್ನೂ ಹಬೆಯಾಡುತ್ತಿತ್ತು. ಗೋಡೆಗೆ ಒರಗಿ ನಿಧಾನವಾಗಿ ಕುಡಿಯತೊಡಗಿದಳು. ಅವಳು ಅಷ್ಟು ನಿಧಾನವಾಗಿ ಏನನ್ನಾದರೂ ಕುಡಿದದ್ದನ್ನು ನಾನು ನೋಡಿದ್ದೇ ನೆನಪಿಲ್ಲ.

"ಮತ್ತೆ ನಾನು?" ಎಂದರು ಭಾವ.

ಅಕ್ಕನ ಟೀ ಇನ್ನೂ ಮುಗಿದಿರಲಿಲ್ಲ. ನಾನು ಅವರನ್ನು ಕೆಕ್ಕರಿಸಿ ನೋಡಬೇಕೆಂದು ತಿರುಗಿದೆ, ಆದರೆ ಆಗಲಿಲ್ಲ. ಅದೇ ಮಾತು ನನ್ನ ನಾಲಿಗೆಯ ತುದಿಯಲ್ಲೂ ಇತ್ತು, ಭಾವ ಒಂದು ಕ್ಷಣ ಮೊದಲು ಕೇಳಿಬಿಟ್ಟರು, ಅಷ್ಟೆ.